ಎತ್ತು ಅಗಿದ ಮೇವನ್ನು ಉಂಡೆ ಮಾಡಿ ಉಗುಳುತ್ತಿದೆ, ಮುಂದಿನ ಹಲ್ಲೆಲ್ಲ ಸರಿ ಇವೆ. ಏನಿರಬಹುದು?

ತೊಗರಿ ಹೊಲ, ಆಳಂದ

ಎಲ್ಲರಿಗೂ ಶರಣು. ನಾನು ಆಳಂದ ತಾಲ್ಲೂಕಿನವನು. ಮನೆಯಲ್ಲಿ ಒಂದು ಜೋಡಿ ದೇವಣಿ ಎತ್ತು ಇವೆ, ಸರ್ಜಾ ಮತ್ತು ರಾಜಾ. ಸರ್ಜಾ ನಮ್ಮ ಕೊಟ್ಟಿಗೆಯಲ್ಲೇ ಹುಟ್ಟಿದವನು. ಈ ಎಳ್ಳ ಅಮಾವಾಸ್ಯೆಗೆ 8 ವರ್ಷ ತುಂಬಿತು.

ತೊಗರಿ ರಾಶಿ ಮುಗಿದು ಹೊಸ ಹೊಟ್ಟು ಹಾಕಲು ಶುರು ಮಾಡಿದೆವು. ಅದಾದ ಸ್ವಲ್ಪ ದಿನಕ್ಕೇ ಅವನು ತಿನ್ನುವುದು ಕೆಟ್ಟಿತು. ಈಗ ಮೂರು ವಾರ ಆಯಿತು. ಹಸಿವು ಇದೆ, ನೀರೂ ಕುಡಿಯುತ್ತಾನೆ. ಗೋದಲಿಗೆ ಬಾಯಿ ಹಾಕಿ ಕಣಕಿ, ಅಂದರೆ ಒಣಗಿದ ಜೋಳದ ದಂಟು, ಎಳೆದುಕೊಳ್ಳುತ್ತಾನೆ. ಹತ್ತು ಹದಿನೈದು ಸಲ ಅಗಿಯುತ್ತಾನೆ. ಆಮೇಲೆ ತಲೆ ಎಡಕ್ಕೆ ವಾಲಿಸಿ ಎಲ್ಲವನ್ನೂ ಬಾಯಿಂದ ಬಿಟ್ಟುಬಿಡುತ್ತಾನೆ. ಬೆಳಿಗ್ಗೆ ನೋಡಿದರೆ ಗೋದಲಿ ಕೆಳಗೆ ನಿಂಬೆಹಣ್ಣಿನಷ್ಟು ದಪ್ಪದ ಒದ್ದೆ ಉಂಡೆಗಳು ಏಳೆಂಟು ಬಿದ್ದಿರುತ್ತವೆ. ಒಂದನ್ನು ಬಿಡಿಸಿ ನೋಡಿದೆ. ಕಣಕಿ ಎಳೆ ಬೆರಳುದ್ದ ಹಾಗೇ ಇತ್ತು. ಸತ್ತ ಇಲಿಯ ಹಾಗೆ ವಾಸನೆ. ಹೆಂಡಿಯಲ್ಲೂ ಜೋಳದ ಕಾಳು ಇಡಿಯಾಗಿ ಬರುತ್ತಿದೆ.

ಸಂತೆಯಲ್ಲಿ ತಿಳಿದವರೊಬ್ಬರಿಗೆ ತೋರಿಸಿದೆ. ತುಟಿ ಎತ್ತಿ ನೋಡಿದರು. "ಎಂಟೂ ಹಲ್ಲು ಗಟ್ಟಿ ಇವೆ, ಬಾಯಲ್ಲಿ ದೋಷ ಇಲ್ಲ, ಎತ್ತು ಒಳಗೇ ಸೊರಗಿದೆ, ಕೊಟ್ಟುಬಿಡು" ಅಂದರು. ಪಕ್ಕದ ಮನೆ ಕಾಕಾ ಬಂದು, ಕೆನ್ನೆಯೊಳಗೆ ಮುಳ್ಳು ಬೆಳೆದಿವೆ, ಉಪ್ಪು ಅರಿಶಿನ ಹಚ್ಚಿ ಗೋಣಿ ತಟ್ಟಿನಿಂದ ತಿಕ್ಕು ಅಂದರು. ಎರಡು ದಿನ ತಿಕ್ಕಿದೆವು. ರಕ್ತ ಬಂತು, ತಿನ್ನುವುದು ಇನ್ನೂ ಕಡಿಮೆಯಾಯಿತು. ಪಕ್ಕೆಲುಬು ಎಣಿಸುವ ಹಾಗೆ ಕಾಣುತ್ತಿವೆ. ಅಪ್ಪ ರಾತ್ರಿ ಎದ್ದು ಹೋಗಿ ಅವನ ಹತ್ತಿರ ಕೂತಿರುತ್ತಾರೆ. ಮಾರುವ ಮಾತು ನಮ್ಮಲ್ಲಿ ಇಲ್ಲ. ಯಾರಿಗಾದರೂ ಇಂಥದ್ದು ಗೊತ್ತಿದ್ದರೆ ಹೇಳಿ.

ನಿವೃತ್ತ ದನದ ಡಾಕ್ಟರ್, ಬೀದರ್

ತಮ್ಮಾ, ಮೊದಲು ಒಂದು ಮಾತು. ಇವತ್ತಿನಿಂದ ಅವನ ಬಾಯೊಳಗೆ ಬರಿಗೈ ಹಾಕಬೇಡ. ದನ ನುಂಗಲು ಒದ್ದಾಡುತ್ತಿದೆ ಅಂದರೆ ನಾವು ಮೊದಲು ನೆನೆಯುವುದು ಹುಚ್ಚುನಾಯಿ ರೋಗವನ್ನು. ಆ ರೋಗ ಬಂದ ದನ ಲಕ್ಷಣ ಕಂಡ ಮೇಲೆ ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ. ಸರ್ಜಾ ಮೂರು ವಾರದಿಂದ ಹೀಗೇ ಇದ್ದಾನೆ, ನೀರು ಕುಡಿಯುತ್ತಾನೆ, ಹಾಗಾಗಿ ನನಗೆ ಆ ಅನುಮಾನ ಕಡಿಮೆ. ಆದರೂ ನಾಯಿ ಕಚ್ಚಿತ್ತಾ, ಕೂಗುವ ದನಿ ಬದಲಾಗಿದೆಯಾ ಅಂತ ನೋಡಿ ಡಾಕ್ಟರಿಗೆ ಹೇಳು. ಕಾಲುಬಾಯಿ ಬೇನೆ ಆಗಿದ್ದರೆ ಜ್ವರ ಇರುತ್ತಿತ್ತು, ನಾಲಿಗೆ ಮೇಲೂ ಗೊರಸಿನ ಸಂದಿಯಲ್ಲೂ ಹುಣ್ಣು ಆಗುತ್ತಿದ್ದವು. ಇಷ್ಟು ಹೊತ್ತಿಗೆ ರಾಜಾನಿಗೂ ಹತ್ತುತ್ತಿತ್ತು.

ತಿಕ್ಕುವುದನ್ನು ಬಿಟ್ಟುಬಿಡಿ. ಕೆನ್ನೆಯೊಳಗಿನ ಆ ಮುಳ್ಳು ರೋಗ ಅಲ್ಲ. ಎಲ್ಲಾ ಆಕಳು, ಎಮ್ಮೆ, ಎತ್ತಿಗೂ ಅವು ಇರುತ್ತವೆ. ತುದಿ ಗಂಟಲಿನ ಕಡೆ ಬಾಗಿರುತ್ತದೆ, ಮೇವು ಹೊರಗೆ ಜಾರದ ಹಾಗೆ ಹಿಡಿಯುತ್ತವೆ. ಅವನ್ನು ಕತ್ತರಿಯಿಂದ ಕತ್ತರಿಸಿದ ದನಗಳನ್ನೂ ನಾನು ನೋಡಿದ್ದೇನೆ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಸಂತೆಯಲ್ಲಿ ನೋಡಿದ್ದು ಮುಂದಿನ ಎಂಟು ಹಲ್ಲು ಮಾತ್ರ. ಎತ್ತಿಗೆ ಇರುವುದು 32. ಮೇಲಿನ ದವಡೆಯ ಮುಂದೆ ಹಲ್ಲೇ ಇಲ್ಲ, ಗಟ್ಟಿ ಒಸಡಿನ ದಿಂಡು ಇದೆ. ಕೆಳಗಿನ ಎಂಟು ಹಲ್ಲು ಮೇವನ್ನು ಆ ದಿಂಡಿಗೆ ಒತ್ತಿ ಹರಿಯುತ್ತವೆ, ಅವುಗಳ ಕೆಲಸ ಅಷ್ಟೇ. ಅದರಾಚೆ ಒಂದಿಷ್ಟು ಖಾಲಿ ಜಾಗ. ಆಮೇಲೆ ದವಡೆಹಲ್ಲು, ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಸಾಲಿಗೆ ಆರರಂತೆ 24. ಹೊಟ್ಟೆಗೆ ಹೋಗುವ ಪ್ರತಿ ಎಳೆಯೂ, ಮೆಲುಕಿಗೆ ತಿರುಗಿ ಬಂದದ್ದೂ, ನುಣ್ಣಗಾಗುವುದು ಅಲ್ಲಿ. ತುಟಿ ಎತ್ತಿದರೆ ಅದು ಕಾಣುವುದಿಲ್ಲ. ಬಾಯಿ ಅಗಲಿಸಿ ಬ್ಯಾಟರಿ ಬಿಟ್ಟು ನೋಡಬೇಕು.

ಅಜ್ಜಿಯ ಬೀಸೋಕಲ್ಲು ನೆನಪಿದೆಯಾ? ನುಣುಪಾದರೆ ಹಿಟ್ಟು ಬೀಳುತ್ತಿರಲಿಲ್ಲ, ಕಲ್ಲು ಕುಟ್ಟುವವರನ್ನು ಕರೆಸಿ ಒರಟು ಮಾಡಿಸುತ್ತಿದ್ದರು. ದವಡೆಹಲ್ಲು ತನ್ನನ್ನು ತಾನೇ ಕುಟ್ಟಿಕೊಳ್ಳುವ ಕಲ್ಲು. ಅದರಲ್ಲಿ ಎನಾಮೆಲ್, ಡೆಂಟಿನ್, ಸಿಮೆಂಟ್ ಅಂತ ಮೂರು ಪದರ. ಎನಾಮೆಲ್ ಎಲ್ಲಕ್ಕಿಂತ ಗಟ್ಟಿ, ಮಡಿಕೆ ಮಡಿಕೆಯಾಗಿ ಹಲ್ಲಿನೊಳಕ್ಕೆ ಇಳಿದಿರುತ್ತದೆ. ಉಳಿದೆರಡು ಬೇಗ ಸವೆದು, ಎನಾಮೆಲಿನ ಏಣು ಎದ್ದು ನಿಲ್ಲುತ್ತದೆ. ಹಾಗಾಗಿ ಸವೆದಷ್ಟೂ ಒರಟಾಗಿಯೇ ಇರುತ್ತದೆ. ಸವೆದಂತೆ ಹಲ್ಲು ಒಸಡಿನೊಳಗಿಂದ ಮೇಲೆ ಬರುತ್ತಲೂ ಇರುತ್ತದೆ. ಇಂಥ ಕಲ್ಲಿನ ಒಂದು ತುಂಡು ಅಲುಗಾಡಿದರೂ ನೋವಿಗೆ ಆ ಕಡೆ ಅಗಿಯುವುದನ್ನೇ ದನ ಬಿಟ್ಟುಬಿಡುತ್ತದೆ.

ನನ್ನ ಅನುಮಾನ ಹೊಟ್ಟಿನ ಮೇಲೆ. ಮಷಿನ್ ರಾಶಿಯ ತೊಗರಿ ಹೊಟ್ಟಿನಲ್ಲಿ ಕಟ್ಟಿಗೆ ಚೂರು ಇರುತ್ತವೆ, ಅಲ್ವಾ? ಅದು ಎರಡು ಹಲ್ಲಿನ ಸಂದಿಗೆ ಹೊಕ್ಕರೆ ಸುತ್ತ ಮೇವು ಕೊಳೆತು, ಒಸಡು ಹಿಂದೆ ಸರಿದು, ಬೇರಿಗೆ ಕೀವು ಇಳಿಯುತ್ತದೆ. ಆ ವಾಸನೆ ಅದೇ. ಹೊರಗಿನಿಂದ ಎರಡೂ ಅಂಗೈಯಲ್ಲಿ ಎರಡೂ ದವಡೆ ಸವರಿ ಹೋಲಿಸಿ ನೋಡು. ಒಂದು ಕಡೆ ಎಲುಬಿನಷ್ಟೇ ಗಟ್ಟಿ, ಅಲ್ಲಾಡದ ಬಾವು ಸಿಕ್ಕರೆ ಅದು ದವಡೆ ಎಲುಬಿನ ಸೋಂಕು ಇರಬಹುದು. ಅದರ ಚಿಕಿತ್ಸೆಯೇ ಬೇರೆ, ತಡ ಮಾಡಬಾರದು.

ದನದ ಆಂಬುಲೆನ್ಸ್ ನಂಬರ್ 1962ಕ್ಕೆ ಫೋನ್ ಮಾಡು, ಇಲ್ಲ ಹತ್ತಿರದ ಪಶು ಆಸ್ಪತ್ರೆಗೆ ಹೇಳು. ಅಲ್ಲಿಯವರೆಗೆ ಹೊಟ್ಟು ಬಂದ್. ಹಸಿ ಮೇವು ಸಣ್ಣಗೆ ಕತ್ತರಿಸಿ ಹಾಕು, ಹಿಂಡಿ ನೆನೆಸಿ ಕೊಡು. ತಿನ್ನುತ್ತಿಲ್ಲ ಅಂತ ಕನಿಕರಪಟ್ಟು ಜೋಳದ ಹಿಟ್ಟು, ಗೋಧಿ ನುಚ್ಚು ಒಮ್ಮೆಲೇ ಜಾಸ್ತಿ ಕುಡಿಸಬೇಡ. ಹೊಟ್ಟೆ ಹುಳಿಯಾಗಿ ಅದರಿಂದಲೇ ಜೀವ ಹೋಗುತ್ತದೆ.

ಭಾಲ್ಕಿ ಕಾಕಾ

ಡಾಕ್ಟರ್ ಸಾಹೇಬರ ಮಾತು ಖರೆ. ನಾನು ನಲವತ್ತು ವರ್ಷ ದನದ ಬಜಾರ್ ತಿರುಗಿದವನು. ನಾವು ಮುಂದಿನ ಹಲ್ಲು ನೋಡುವುದು ವಯಸ್ಸು ತಿಳಿಯಲು. ಎರಡು, ಎರಡೂವರೆ ವರ್ಷಕ್ಕೆ ಹಾಲುಹಲ್ಲು ಬಿದ್ದು ಎರಡು ದೊಡ್ಡ ಹಲ್ಲು. ಮೂರರ ಹತ್ತಿರ ನಾಲ್ಕು. ಮೂರೂವರೆ, ನಾಲ್ಕಕ್ಕೆ ಆರು. ಐದರೊಳಗೆ ಎಂಟೂ ಬಂದು ಬಾಯಿ ಕೂಡುತ್ತದೆ. ಅಲ್ಲಿಂದ ಮುಂದೆ ಸವೆತ ನೋಡಿ ಅಂದಾಜು. ಕಲ್ಲು ನೆಲದಲ್ಲಿ ಮೇಯ್ದ ದನ ಬೇಗ ಮುದಿಯಾದಂತೆ ಕಾಣುತ್ತದೆ. ಆರೋಗ್ಯ ಆ ಎಂಟು ಹಲ್ಲಿನಲ್ಲಿ ತಿಳಿಯುವುದಿಲ್ಲ.

ಹರೆಯದಲ್ಲಿ ನಾನೂ ಬಾಯಿ ಕೂಡಿದ ಒಳ್ಳೆ ಎತ್ತು ಅಂತ ಒಂದನ್ನು ತಂದೆ. ಮನೆಗೆ ಬಂದ ಮೇಲೆ ಇದೇ ಉಂಡೆ ಆಟ. ಅವತ್ತಿನಿಂದ ಒಂದು ಕಟ್ಟು ಕಣಕಿ ಎದುರಿಗೆ ಹಾಕಿ, ಅದು ಪೂರ್ತಿ ಮುಗಿಸುವವರೆಗೆ ನಿಂತು ನೋಡದೆ ನಾನು ದುಡ್ಡು ಎಣಿಸಲಿಲ್ಲ. ನಿಮ್ಮ ಎತ್ತನ್ನು ಯಾರ ಮಾತಿಗೂ ಕೊಡಬೇಡಿ.

ಕುರಿ ಹಿಂಡು, ಯಾದಗಿರಿ

ಡಾಕ್ಟರ್ ಸರ್, ನಮ್ಮ ಊರಲ್ಲಿ ಬೋರ್ ನೀರು ಕುಡಿದು ಬೆಳೆದ ಕುರಿ, ಎಮ್ಮೆ ಹಲ್ಲೆಲ್ಲ ಕಂದು ಕಲೆ. ಚಿಕ್ಕ ವಯಸ್ಸಿಗೇ ಸವೆದು ಮೊಂಡಾಗುತ್ತವೆ. ಇದೂ ಕೊಳೆತದ್ದೇನಾ?

ನಿವೃತ್ತ ದನದ ಡಾಕ್ಟರ್, ಬೀದರ್

ಕೊಳೆತದ್ದಲ್ಲ, ಹೆಚ್ಚಾಗಿ ಫ್ಲೋರೈಡ್. ನಮ್ಮ ಭಾಗದ ಎಷ್ಟೋ ಬೋರ್ ನೀರಿನಲ್ಲಿ ಅದು ಜಾಸ್ತಿ. ಹಲ್ಲು ಒಸಡಿನೊಳಗೆ ತಯಾರಾಗುವ ಹೊತ್ತಿಗೆ ಕರು, ಮರಿ ಆ ನೀರು ಕುಡಿದರೆ ಎನಾಮೆಲ್ ಕಚ್ಚಾ ಆಗುತ್ತದೆ. ಒಮ್ಮೆ ಮೂಡಿದ ಹಲ್ಲನ್ನು ತಿರುಗಿ ಸರಿ ಮಾಡಲು ಆಗುವುದಿಲ್ಲ. ನೀರು ಪರೀಕ್ಷೆ ಮಾಡಿಸಿ. ಮನುಷ್ಯರ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ ಗರಿಷ್ಠ 1.5. ಅದೇ ಬೋರ್ ನೀರನ್ನು ನಿಮ್ಮ ಮಕ್ಕಳೂ ಕುಡಿಯುತ್ತಿದ್ದಾರಾ ಅಂತ ಮೊದಲು ನೋಡಿ. ಮರಿಗಳಿಗಾದರೂ ಕೆರೆ ನೀರು, ಮಳೆ ನೀರು ಸಿಗುವ ಹಾಗೆ ಮಾಡಿ.

ತೊಗರಿ ಹೊಲ, ಆಳಂದ

ಹನ್ನೆರಡು ದಿನ ಆದ ಮೇಲೆ ಬರೆಯುತ್ತಿದ್ದೇನೆ. ದವಡೆ ಸವರಿದಾಗ ಗಟ್ಟಿ ಬಾವು ಸಿಗಲಿಲ್ಲ. ಆದರೆ ಬಲಗಡೆ ಕೈ ಇಟ್ಟ ಕೂಡಲೇ ಸರ್ಜಾ ತಲೆ ಕೊಡವಿದ. ಮರುದಿನ ಡಾಕ್ಟರ್ ಬಂದರು. ಮಂಪರು ಇಂಜೆಕ್ಷನ್ ಕೊಟ್ಟು, ಬಾಯಿಗೆ ಕಬ್ಬಿಣದ ಚೌಕಟ್ಟು ಇಟ್ಟು ಅಗಲಿಸಿದರು. ಬ್ಯಾಟರಿ ಹಿಡಿದವನು ನಾನೇ. ಬಲಗಡೆ ಕೆಳಗಿನ ಸಾಲಿನಲ್ಲಿ ಮೂರನೇ ಮತ್ತು ನಾಲ್ಕನೇ ಹಲ್ಲಿನ ನಡುವೆ ಕಪ್ಪಗೆ ಏನೋ ಅಂಟಿತ್ತು. ಮೊದಲು ಕೊಳೆತ ಕಣಕಿ ಬಂತು, ಒಂದು ಹಿಡಿ. ಅದರ ಕೆಳಗೆ ತೊಗರಿ ಕಟ್ಟಿಗೆ, ನನ್ನ ಕಿರುಬೆರಳಷ್ಟು ಉದ್ದ, ಮೊಳೆ ಹೊಡೆದ ಹಾಗೆ ಸಂದಿಯಲ್ಲಿ ಇಳಿದಿತ್ತು. ಅದನ್ನು ಎಳೆದ ಕೂಡಲೇ ಕೀವು ಹೊರಬಂತು.

ಮೂರನೇ ಹಲ್ಲು ಬೆರಳಿಗೇ ಅಲುಗಾಡುತ್ತಿತ್ತು. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅದನ್ನು ತೆಗೆದರು. ತೊಳೆದು ಅಪ್ಪನ ಕೈಯಲ್ಲಿಟ್ಟೆ. ಬಾಯಲ್ಲಿ ಕಾಣುತ್ತಿದ್ದದ್ದು ಬರೀ ತುದಿ, ಉಳಿದದ್ದೆಲ್ಲ ಒಳಗೆ. ಮೇಲೆ ಸಾಹೇಬರು ಹೇಳಿದ ಏಣುಗಳು ಹಾಗೇ ಉಗುರಿಗೆ ಸಿಗುತ್ತಿದ್ದವು. ಅಪ್ಪ ತುಂಬಾ ಹೊತ್ತು ಸವರುತ್ತಾ ಕೂತರು.

ಐದು ದಿನ ಇಂಜೆಕ್ಷನ್ ಆಯಿತು, ದಿನಾ ಎರಡು ಸಲ ಉಪ್ಪು ನೀರಿನ ಪಿಚಕಾರಿ. ನಾಲ್ಕನೇ ದಿನದಿಂದ ಉಂಡೆ ಬಿದ್ದಿಲ್ಲ. ನಿನ್ನೆ ರಾತ್ರಿ ಮಲಗಿದ್ದಾಗ ಕೊಟ್ಟಿಗೆಯಿಂದ ಇಬ್ಬರೂ ಮೆಲುಕು ಹಾಕುವ ಸದ್ದು ಕೇಳಿಸಿತು, ಎರಡು ಬೇರೆ ಬೇರೆ ಲಯ. ಈಗ ಹೊಟ್ಟನ್ನು ದೊಡ್ಡ ಜರಡಿಯಲ್ಲಿ ಹಾಯಿಸಿ, ಕಟ್ಟಿಗೆ ಆರಿಸಿಯೇ ಹಾಕುತ್ತಿದ್ದೇವೆ. ಪಕ್ಕದ ಮನೆ ಕಾಕಾನೂ ಬಂದು ಜರಡಿ ಒಯ್ದಿದ್ದಾರೆ.

ಒಂದು ಕೇಳುವುದಿದೆ. ಆ ಹಲ್ಲು ತಿರುಗಿ ಬರುತ್ತದಾ?

ನಿವೃತ್ತ ದನದ ಡಾಕ್ಟರ್, ಬೀದರ್

ಓದಿ ಬಹಳ ಸಂತೋಷ ಆಯಿತು ತಮ್ಮಾ. ಹಲ್ಲು ತಿರುಗಿ ಬರುವುದಿಲ್ಲ, ಅದು ಹಾಲುಹಲ್ಲಲ್ಲ. ಗುಣಿ ಮಾಂಸ ತುಂಬಿ ಮುಚ್ಚಿಕೊಳ್ಳುತ್ತದೆ. ಅದು ಮುಚ್ಚುವವರೆಗೆ ಒರಟು ಕಣಕಿ ಬೇಡ. ಆದರೆ ಅದರ ಎದುರಿನ ಮೇಲಿನ ಹಲ್ಲಿಗೆ ಈಗ ಉಜ್ಜಲು ಜೋಡಿ ಇಲ್ಲ, ಸವೆಯದೆ ಉದ್ದ ಬೆಳೆದು ಕೆಳಗಿನ ಒಸಡಿಗೆ ಚುಚ್ಚಬಹುದು. ಕಾರ ಹುಣ್ಣಿಮೆಗೆ ಮೈ ತೊಳೆದು ಸಿಂಗಾರ ಮಾಡುತ್ತೀರಲ್ಲ, ಆ ವಾರ ಒಮ್ಮೆ ಡಾಕ್ಟರಿಗೆ ಹೇಳಿ ಬಾಯಿ ತೆರೆಸಿ ನೋಡಿಸು. ಉದ್ದ ಬಂದಿದ್ದರೆ ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಹಾಗೇ ರಾಜಾನ ಬಾಯನ್ನೂ ತೋರಿಸು, ಅವನೂ ಅದೇ ಹೊಟ್ಟು ತಿಂದವನು.