ದಿ ಫ್ಲೆಶ್ ಅಂಡ್ ದಿ ಫೀಂಡ್ಸ್ (1960): ಇತಿಹಾಸಕ್ಕೆ ಎಷ್ಟು ಹತ್ತಿರ?

ಪ್ರಶ್ನೆ:
ಜಾನ್ ಗಿಲ್ಲಿಂಗ್ ನಿರ್ದೇಶನದ ಈ ಕಪ್ಪು-ಬಿಳುಪು ಚಿತ್ರವನ್ನು ಕಳೆದ ವಾರ ನೋಡಿದೆ. ಎಡಿನ್‌ಬರೋ ನಗರದಲ್ಲಿ ಬಡವರನ್ನು ಕೊಂದು, ಅವರ ಶವಗಳನ್ನು ಅಂಗರಚನಾಶಾಸ್ತ್ರದ ಬೋಧಕರಾದ ಡಾ. ರಾಬರ್ಟ್ ನಾಕ್ಸ್ ಅವರಿಗೆ ಮಾರುತ್ತಿದ್ದ ಬರ್ಕ್ ಮತ್ತು ಹೇರ್ ಎಂಬಿಬ್ಬರ ಕಥೆ ಇದು. ಕೊನೆಯಲ್ಲಿ ಜನರು ಹೇರ್‌ನ ಕಣ್ಣುಗಳನ್ನು ಪಂಜಿನಿಂದ ಸುಡುವುದು ನಿಜವಾಗಿ ನಡೆದದ್ದೇ? ಪೀಟರ್ ಕುಶಿಂಗ್ ಅಭಿನಯಿಸಿರುವ ನಾಕ್ಸ್ ಪಾತ್ರಕ್ಕೆ ಇಷ್ಟೊಂದು ಘನತೆ ಕೊಟ್ಟಿರುವುದು ಸರಿಯೇ? ಎರಡನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ.

ಮೊದಲ ಉತ್ತರ:
ಕಣ್ಣು ಸುಟ್ಟ ಪ್ರಸಂಗ ದಂತಕಥೆಯಿಂದ ಬಂದದ್ದು. ಹೇರ್ ಮಾಫಿಸಾಕ್ಷಿಯಾಗಿ ಬರ್ಕ್‌ನ ವಿರುದ್ಧ ಹೇಳಿಕೆ ಕೊಟ್ಟು, 1829ರ ಫೆಬ್ರವರಿಯಲ್ಲಿ ಬಿಡುಗಡೆಯಾಗಿ ಇಂಗ್ಲೆಂಡಿನ ಕಡೆಗೆ ಹೋದನು. ಆಮೇಲೆ ಅವನು ಏನಾದನೆಂಬುದಕ್ಕೆ ನಂಬಲರ್ಹ ದಾಖಲೆಯಿಲ್ಲ. ಬರ್ಕ್‌ನನ್ನು ಅದೇ ವರ್ಷದ ಜನವರಿ 28ರಂದು ಗಲ್ಲಿಗೇರಿಸಿದರು. ಬಳಿಕ ಅವನ ಶವವನ್ನೇ ವೈದ್ಯ ವಿದ್ಯಾರ್ಥಿಗಳ ಮುಂದೆ ಛೇದಿಸಲಾಯಿತು. ಅಸ್ಥಿಪಂಜರ ಇಂದಿಗೂ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ಅವರು ಮಾರಿದ ಮೊದಲ ಶವ ಕೊಲೆಯಾದವನದಲ್ಲ ಎಂಬುದನ್ನೂ ಗಮನಿಸಬೇಕು. ಹೇರ್‌ನ ವಸತಿಗೃಹದಲ್ಲಿದ್ದ ಮುದುಕನೊಬ್ಬ 4 ಪೌಂಡ್ ಬಾಕಿ ಉಳಿಸಿ ಕಾಯಿಲೆಯಿಂದ ಸತ್ತಾಗ, ಆ ಬಾಕಿಯ ವಸೂಲಿಗೆಂದು ಅವನ ದೇಹವನ್ನು 7 ಪೌಂಡ್ 10 ಶಿಲಿಂಗಿಗೆ ಮಾರಿದರು. ಆ ಹಣದ ರುಚಿ ಹತ್ತಿದ ಮೇಲೆ, 1828ರಲ್ಲಿ ಸುಮಾರು ಹತ್ತು ತಿಂಗಳಲ್ಲಿ ಹದಿನಾರು ಜನರನ್ನು ಕೊಂದರು.

ಎರಡನೆಯ ಉತ್ತರ:
ನಾಕ್ಸ್ ಅವರ ವಿಷಯದಲ್ಲಿ ಚಿತ್ರ ಮೃದುವಾಗಿದೆ ಎಂದೇ ನನ್ನ ಅಭಿಪ್ರಾಯ. ಛೇದನಕ್ಕೆ ಕಾನೂನುಬದ್ಧವಾಗಿ ದೊರೆಯುತ್ತಿದ್ದ ಶವಗಳು ಮುಖ್ಯವಾಗಿ ಗಲ್ಲಿಗೇರಿದ ಕೊಲೆಗಾರರವು. ವಿದ್ಯಾರ್ಥಿಗಳು ನೂರಾರು, ಶವಗಳು ಬೆರಳೆಣಿಕೆಯಷ್ಟು ಎಂಬ ಸ್ಥಿತಿಯಿದ್ದುದರಿಂದ ಗೋರಿ ಅಗೆದು ಕದಿಯುವ ದಂಧೆ ಬೆಳೆದಿತ್ತು. ಆ ಕೊರತೆ ನಿಜ. ಆದರೆ ಹೂತಿಟ್ಟ ಗುರುತೇ ಇಲ್ಲದ, ಇನ್ನೂ ಕೊಳೆಯದ ದೇಹಗಳು ಒಂದರ ಹಿಂದೊಂದು ಬಾಗಿಲಿಗೆ ಬಂದಾಗ, ಮನುಷ್ಯದೇಹವನ್ನು ಅಷ್ಟು ಚೆನ್ನಾಗಿ ಬಲ್ಲ ವೈದ್ಯರು ಎಲ್ಲಿಂದ ತಂದಿರಿ ಎಂದು ಒತ್ತಿ ಕೇಳಲಿಲ್ಲ. ಅವರ ಮೇಲೆ ಮೊಕದ್ದಮೆ ಹೂಡಲೇ ಇಲ್ಲ. ಈ ಪ್ರಕರಣ ಎಬ್ಬಿಸಿದ ಆಕ್ರೋಶದ ಹಿನ್ನೆಲೆಯಲ್ಲಿ 1832ರಲ್ಲಿ ಬಂದ ಅಂಗರಚನಾ ಕಾಯಿದೆ, ವಾರಸುದಾರರಿಲ್ಲದ ಬಡವರ ಶವಗಳನ್ನು ಬೋಧನೆಗೆ ಒದಗಿಸಿತು. ಅಂದರೆ ಹೊರೆ ಮತ್ತೆ ಬಡವರ ಮೇಲೆಯೇ ಬಿತ್ತು.

ಮೂರನೆಯ ಉತ್ತರ:
ಮೇಲಿನ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಡೊನಾಲ್ಡ್ ಪ್ಲೆಸೆನ್ಸ್ ಅವರ ಹೇರ್ ಎಷ್ಟೇ ಭಯಂಕರನಾಗಿದ್ದರೂ ಚಿತ್ರ ಕೊನೆಗೆ ಬೆರಳು ತೋರಿಸುವುದು ನಾಕ್ಸ್ ಕಡೆಗೆ. ಬೀದಿಯಲ್ಲಿ ಕಾಸು ಬೇಡುವ ಪುಟ್ಟ ಹುಡುಗಿಯನ್ನು ಅವರು ಮನೆಗೆ ಕರೆದಾಗ, ತನ್ನನ್ನೂ ಡಾ. ನಾಕ್ಸ್‌ಗೆ ಮಾರಿಬಿಡುತ್ತೀರಿ ಎಂದು ಅವಳು ಹೆದರುತ್ತಾಳೆ. ಎದುರಿಗಿರುವವರೇ ಆ ನಾಕ್ಸ್ ಎಂಬುದು ಅವಳಿಗೆ ತಿಳಿದಿಲ್ಲ. ಅಲ್ಲಿ ಕುಶಿಂಗ್ ಅವರ ಮುಖವನ್ನು ದಯವಿಟ್ಟು ಇನ್ನೊಮ್ಮೆ ನೋಡಿ.