ಪದ ಬೇಕು (ಅರ್ಜೆಂಟ್): ‘ಇನ್‌ಸೈಡ್ ರೈಟ್’ಗೆ ಕನ್ನಡದಲ್ಲಿ ಏನು?

ಸಂಜೆ 5.40

ಗೆಳೆಯರೇ, ಶಾಲೆಯೊಂದರ ಕ್ರೀಡಾ ಪ್ರದರ್ಶನಕ್ಕೆ ಹಳೆಯ ಫುಟ್‌ಬಾಲ್ ಆಟಗಾರರ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೊದಲ ಕಂತು ನಾಳೆ ಬೆಳಗ್ಗೆಯೇ ಪ್ರಿಂಟಿಗೆ ಹೋಗಬೇಕು. ಇಂಗ್ಲೆಂಡಿನ ಡರ್ಬಿ ಕೌಂಟಿ ಕ್ಲಬ್ಬಿನ ಸ್ಟೀವ್ ಬ್ಲೂಮರ್ ಹತ್ತಿರ ಬಂದು ಗಾಡಿ ನಿಂತಿದೆ. 1892ರಲ್ಲಿ ಡರ್ಬಿಗೆ ಆಡಲು ಶುರು ಮಾಡಿದ, 1914ರವರೆಗೂ ಲೀಗ್ ಆಡಿದ. ನಡುವೆ ನಾಲ್ಕು ವರ್ಷ ಮಿಡಲ್ಸ್‌ಬರೋ ಕ್ಲಬ್ಬಿಗೆ. ಇಂಗ್ಲೆಂಡ್ ಪರ 23 ಪಂದ್ಯ, 28 ಗೋಲು. ಇದೆಲ್ಲ ಸಲೀಸು. ಮೈದಾನದಲ್ಲಿ ಅವನ ಜಾಗ ‘ಇನ್‌ಸೈಡ್ ರೈಟ್’ ಎನ್ನುವಲ್ಲಿ ‘ಒಳಬಲ ಆಟಗಾರ’ ಎಂದು ಬರೆದೆ. ಮಗಳು ಓದಿ, ‘ಧ್ಯಾನ ಮಾಡ್ತಿದ್ನಾ?’ ಅಂದಳು. ಇನ್ನೊಂದು ಕಡೆ ‘ಪ್ರೊಲಿಫಿಕ್ ಗೋಲ್‌ಸ್ಕೋರರ್’ಗೆ ‘ಸಮೃದ್ಧ ಗೋಲುಗಾರ’ ಎಂದಿದ್ದೇನೆ. ಅದು ರಾಗಿ ಬೆಳೆದ ಹಾಗಿದೆ. ಎರಡಕ್ಕೂ ಪದ ಕೊಡಿ. ಫಲಕದಲ್ಲಿ ಜಾಗ ಕಮ್ಮಿ.

ಸಂಜೆ 6.15

> ಒಳಬಲ ಆಟಗಾರ

ತಪ್ಪೇನಿಲ್ಲ. ಎಡ-ಬಲದ ‘ಬಲ’ ನಮ್ಮದೇ. ತಮಿಳಿನ ‘ವಲಂ’ ನೋಡಿ. ಅವರ ವಕಾರ ನಮ್ಮಲ್ಲಿ ಬಕಾರ, ‘ವಾ’ ‘ಬಾ’ ಆದ ಹಾಗೆ. ಶಕ್ತಿ ಎಂಬ ಅರ್ಥದ ಬಲಕ್ಕೆ ಗಂಟು ಹಾಕಿದ್ದು ಓದಿದವರ ತಪ್ಪು. ಆ ಸಂಸ್ಕೃತ ಬಲವೇ ದ್ರಾವಿಡದಿಂದ ಹೋದದ್ದು ಎನ್ನುವವರೂ ಇದ್ದಾರೆ, ಇರಲಿ. ‘ಒಳಬಲಗ’ ಎನ್ನಿ, ಮುಗೀತು. ‘ಗೋಲುಗಾರ’ ಮಾತ್ರ ಬೇಡ. ತಲೆ ಇಂಗ್ಲಿಷು, ಬಾಲ ಕನ್ನಡ. ‘ಗುರಿ’ ಎಂಬ ಪದ ಸತ್ತಿದೆಯೇ? ಗುರಿಗಾರ.

ಸಂಜೆ 6.32

ಗುರಿಕಾರ ಅಂದರೆ ನಮ್ಮ ಕರಾವಳಿ ಕಡೆ ಸಮುದಾಯದ ಹಿರಿಯ. ನ್ಯಾಯ ಹೇಳುವವನು, ಪೆನಾಲ್ಟಿ ಹೊಡೆಯುವವನಲ್ಲ. ಇನ್ನು ಆ ಬಾಲದ ‘ಗಾರ’ವೂ ಸಂಸ್ಕೃತದ ‘ಕಾರ’ದಿಂದಲೇ ಬಂದದ್ದು. ನಿಮ್ಮ ಗುರಿಗಾರನೂ ಅರ್ಧ ಸಾಲದವನೇ.

ಸಂಜೆ 7.10

ಬಲದ ಮೂಲ ಆಮೇಲೆ ನೋಡೋಣ. ಎಡವಟ್ಟು ಇರುವುದು ‘ಒಳ’ದಲ್ಲಿ. ಆಗ ಮುಂದೆ ಐವರು ಸಾಲಾಗಿ ಆಡುತ್ತಿದ್ದರು. ಬಲ ಅಂಚಿನವನಿಗೂ ನಟ್ಟನಡುವಿನವನಿಗೂ ಮಧ್ಯೆ ಬ್ಲೂಮರ್. ಅಂಚಿಗಿಂತ ಒಳಗೆ, ಅಷ್ಟೇ. ಈಗಿನ ಆಟದಲ್ಲಿ ಆ ಸಾಲೇ ಇಲ್ಲ. ಇಲ್ಲದ ಜಾಗಕ್ಕೆ ಹೊಸ ಪದ ಕಟ್ಟಿ ಯಾರಿಗೆ ಕೊಡುತ್ತೀರಿ? ‘ಇನ್‌ಸೈಡ್ ರೈಟ್’ ಅಂತಲೇ ಇಡಿ. ಪಕ್ಕದಲ್ಲಿ ಐದು ಚುಕ್ಕಿ ಹಾಕಿ, ಒಂದನ್ನು ಕೆಂಪು ಮಾಡಿ. ‘ಸಮೃದ್ಧ’ದ ಬದಲು ‘ಗೋಲು ಹೊಡೆಯುವುದರಲ್ಲಿ ಎತ್ತಿದ ಕೈ’.

ಸಂಜೆ 7.14

ಫುಟ್‌ಬಾಲಿನಲ್ಲಿ ಎತ್ತಿದ ಕೈಯಾ? ಫೌಲ್.

ರಾತ್ರಿ 7.50

> ‘ಇನ್‌ಸೈಡ್ ರೈಟ್’ ಅಂತಲೇ ಇಡಿ

ಸೋಮಾರಿತನ. ಜರ್ಮನರನ್ನು ನೋಡಿ ಕಲಿಯಿರಿ. ಬ್ರೌನ್‌ಷ್ವೈಗ್ ಊರಿನ ಕೊನ್ರಾಡ್ ಕೋಖ್ ಎಂಬ ಮೇಷ್ಟ್ರು 1874ರಲ್ಲಿ ಹುಡುಗರಿಗೆ ಈ ಆಟ ಹಚ್ಚಿದ. ನಿಮ್ಮ ಬ್ಲೂಮರ್ ಹುಟ್ಟಿದ್ದೂ ಅದೇ ವರ್ಷ. ಆಟ ಇಂಗ್ಲಿಷರದ್ದಾದರೂ ಮಾತು ನಮ್ಮದಿರಲಿ ಎಂದು ಕೂತು ಜರ್ಮನ್ ಪದಗಳ ಪಟ್ಟಿಯನ್ನೇ ಮಾಡಿದ. ಗೋಲಿಗೆ ಅವರು ‘ಟೋರ್’ ಎನ್ನುತ್ತಾರೆ, ಅಂದರೆ ಹೆಬ್ಬಾಗಿಲು. ಇವತ್ತಿಗೂ ಅದೇ ಕೂಗು. ಅವರಿಗೆ ಆಗುತ್ತದೆ, ನಮಗೆ ಮಾತ್ರ ಮುಜುಗರ.

ರಾತ್ರಿ 8.20

ಜರ್ಮನಿಯ ಮಾತು ಬಂತಲ್ಲ, ಪೂರ್ತಿ ಹೇಳಿ. ಬ್ಲೂಮರ್ ಬರ್ಲಿನ್ನಿಗೆ ಕೋಚ್ ಆಗಿ ಹೋದದ್ದು 1914ರ ಜುಲೈನಲ್ಲಿ. ಕೆಲವೇ ವಾರಕ್ಕೆ ಯುದ್ಧ. ರೂಲೆಬೆನ್ ಎಂಬಲ್ಲಿ ಕುದುರೆ ರೇಸಿನ ಮೈದಾನವನ್ನೇ ಕ್ಯಾಂಪ್ ಮಾಡಿ ಅವನೂ ಸೇರಿ ಇಂಗ್ಲಿಷರನ್ನು ಕೂಡಿಹಾಕಿದರು. ಅಲ್ಲೂ ಇವರು ಲೀಗ್ ಕಟ್ಟಿಕೊಂಡು ಆಡಿದರು ಅನ್ನಿ. ಲಾಯದಲ್ಲಿ ಮಲಗುವವನಿಗೆ ಗೋಲಾದರೇನು, ಟೋರ್ ಆದರೇನು?

ಯುದ್ಧ ಮುಗಿದ ಮೇಲೆ ಸ್ಪೇನಿನ ಇರೂನ್ ಊರಲ್ಲಿ ರಿಯಲ್ ಯೂನಿಯನ್ ತಂಡಕ್ಕೆ ಬ್ಲೂಮರ್ ಕೋಚ್. 1924ರ ಕಪ್ ಫೈನಲ್ಲಿನಲ್ಲಿ ಈ ಪುಟ್ಟ ಊರಿನವರು ರಿಯಲ್ ಮ್ಯಾಡ್ರಿಡನ್ನು 1-0ರಿಂದ ಸೋಲಿಸಿದರು. ಅಲ್ಲಿನವರು ಗೋಲನ್ನು ‘ಗೋಲ್’ ಎಂದೇ ಇಟ್ಟುಕೊಂಡಿದ್ದಾರೆ. ಕೋಚ್‌ನ್ನು ಈಗಲೂ ‘ಮಿಸ್ಟರ್’ ಎನ್ನುತ್ತಾರೆ, ಇಂಥ ಇಂಗ್ಲಿಷರು ಹೋಗಿ ಕಲಿಸಿದ ಗುರುತು. ಅದರಿಂದ ಸ್ಪ್ಯಾನಿಷ್ ಸತ್ತುಹೋಯಿತೇ? ನಮ್ಮಲ್ಲೂ ಗೋಲಿನ, ಗೋಲಿಗೆ, ಗೋಲುಗಳು. ವಿಭಕ್ತಿ ಹತ್ತಿದ ಮೇಲೆ ಅದು ಮನೆಮಗ.

ರಾತ್ರಿ 8.31

ವಿಭಕ್ತಿ ಯಾವುದಕ್ಕೂ ಹತ್ತುತ್ತದೆ. ಹೀಗೇ ಹೋದರೆ ಕೊನೆಗೆ ಕನ್ನಡದಲ್ಲಿ ಉಳಿಯುವುದು ವಿಭಕ್ತಿ ಒಂದೇ.

ರಾತ್ರಿ 9.40

ಬ್ಲೂಮರ್ ಪ್ರಿಂಟಿಗೆ ಹೋದ. ‘ಬಲ ಅಂಚಿನವನ ಒಳಪಕ್ಕದಲ್ಲಿ ಆಡುತ್ತಿದ್ದ’ ಎಂದು ಬರೆದೆ, ಐದು ಚುಕ್ಕಿಯನ್ನೂ ಹಾಕಿದೆ. ಐಡಿಯಾ ಕೊಟ್ಟವರಿಗೆ ಥ್ಯಾಂಕ್ಸ್. ‘ಸಮೃದ್ಧ’ ಕಿತ್ತುಹಾಕಿ ಲೆಕ್ಕವನ್ನೇ ಕೊಟ್ಟೆ: ಇಂಗ್ಲೆಂಡ್ ಪರ ಮೊದಲ 10 ಪಂದ್ಯಗಳಲ್ಲಿ 19 ಗೋಲು. 1896ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಮೇಲೆ ಒಬ್ಬನೇ 5. ಮಗಳು, ‘ಹಾಂ, ಈಗ ಗೊತ್ತಾಯ್ತು’ ಅಂದಳು. ಗೋಲು ಗೋಲಾಗಿಯೇ ಇದೆ, ಬೈಯುವವರು ಬೈಯಲಿ. ಮುಂದಿನ ಫಲಕದಲ್ಲಿ ‘ಹಾಫ್ ಬ್ಯಾಕ್’ ಇದೆ. ಅದನ್ನು ಇಲ್ಲಿ ಕೇಳುವುದಿಲ್ಲ.

ರಾತ್ರಿ 9.43

ಅರೆಹಿಂಬದಿಗ.