ಇಳಿಯೋದು ಸುಲಭ ಚಿಕ್ಕಪ್ಪ, ಹತ್ತೋದು ಹೇಳಿ

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಸಾಮಾನ್ಯವಾಗಿ ಬರುವುದು ಶುಭೋದಯ, ಮದುವೆ ಪತ್ರಿಕೆ, ಅಡಿಕೆ ರೇಟು. ಮೊನ್ನೆ ಚಿತ್ರದುರ್ಗದ ಚಿಕ್ಕಪ್ಪ ಅದರ ಮಧ್ಯೆ ಒಂದು ಪಟ್ಟಿ ಹಾಕಿದರು. ಅಮೆರಿಕದ ಮರುಭೂಮಿ ಬೆಟ್ಟ, ಕಣಿವೆಗಳಲ್ಲಿ ಒಂದೇ ದಿನದಲ್ಲಿ ಮುಗಿಸುವ ಕಠಿಣ ಚಾರಣಗಳ ಪಟ್ಟಿ. ಜೂನ್ ಕೊನೆಗೆ ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಫೀನಿಕ್ಸ್‌ನಲ್ಲಿರುವ ಮಗನ, ಅಂದರೆ ನಮ್ಮ ಅಣ್ಣನ, ಮನೆಗೆ ಹೊರಟಿದ್ದಾರೆ. ಆಮೇಲೆ ನಡೆದದ್ದು ಇದು. ಹೂವಿನ ಚಿತ್ರ, ಕೈ ಮುಗಿಯುವ ಇಮೋಜಿ ಎಲ್ಲ ತೆಗೆದಿದ್ದೇನೆ.

ಚಿಕ್ಕಪ್ಪ: ಮೊದಲನೆಯದು ನನ್ನದು. ಗ್ರ್ಯಾಂಡ್ ಕ್ಯಾನಿಯನ್. ಮೇಲಿಂದ ಕೊಲರಾಡೋ ನದಿವರೆಗೆ ಇಳಿದು ಅದೇ ದಿನ ವಾಪಸ್.

ದಾವಣಗೆರೆ ಮಾವ: ಶಹಬ್ಬಾಸ್! ಏಳು ಸುತ್ತಿನ ಕೋಟೆಯವರಿಗೆ ಅದೇನು ಮಹಾ.

ಅತ್ತೆ: ಇವರು ಮೊದಲನೇ ಮಹಡಿಗೂ ಲಿಫ್ಟ್ ಹುಡುಕುತ್ತಾರೆ. ಬೇರೆಯವರಿಗೆ ಶಹಬ್ಬಾಸ್ ಹೇಳುವುದು ನೋಡಿ.

ಅಣ್ಣ: ಅಪ್ಪಾ, ಜೂನ್‌ನಲ್ಲಿ ಬೇಡ. ಆ ಪಾರ್ಕಿನವರೇ ಫಲಕ ಹಾಕಿದ್ದಾರೆ. ಒಂದೇ ದಿನದಲ್ಲಿ ನದಿಗೆ ಹೋಗಿ ಬರುವ ಯತ್ನ ಮಾಡಬೇಡಿ, ಅದರಲ್ಲೂ ಮೇನಿಂದ ಸೆಪ್ಟೆಂಬರ್‌ವರೆಗೆ ಅಂತ.

ಚಿಕ್ಕಪ್ಪ: ಫಲಕ ಎಲ್ಲಾ ಕಡೆ ಇರುತ್ತದೆ. ನಾನು ಪ್ರತಿ ಭಾನುವಾರ ಜೋಗಿಮಟ್ಟಿ ಹತ್ತುತ್ತೇನೆ. ಏಪ್ರಿಲ್‌ನಲ್ಲೂ ಬಿಟ್ಟವನಲ್ಲ. ದುರ್ಗದಲ್ಲಿ ಹುಟ್ಟಿದವನಿಗೆ ಬಂಡೆಯ ಕಾವು ಹೇಳಿಕೊಡಬೇಡ.

ಅಣ್ಣ: 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಮುಟ್ಟಿತ್ತು. ಬಿಸಿಲು ವಿಪರೀತವಾದರೆ ಊರೊಳಗಿನ ಕ್ಯಾಮಲ್‌ಬ್ಯಾಕ್ ಗುಡ್ಡದ ದಾರಿಯನ್ನೇ ಹಗಲು ಹೊತ್ತು ಮುಚ್ಚುತ್ತಾರೆ. ಸುಮ್ನೆ ಹೇಳುತ್ತಿಲ್ಲ ಅಪ್ಪಾ.

ದಾವಣಗೆರೆ ಮಾವ: ಒಂದು ದಡದಿಂದ ಇಳಿದು ಇನ್ನೊಂದು ದಡ ಹತ್ತಿ, ಅದೇ ದಿನ ಓಡಿಕೊಂಡು ವಾಪಸ್ ಬರುವವರೂ ಇದ್ದಾರಂತೆ. ವಿಡಿಯೋ ಕಳಿಸಲಾ?

ಅಣ್ಣ: ಇದ್ದಾರೆ ಮಾವ. ಅವರು ಏಪ್ರಿಲ್, ಅಕ್ಟೋಬರ್ ನೋಡಿ ಬರುತ್ತಾರೆ. ಪಟ್ಟಿಯಲ್ಲಿ ಮೈಲಿ ಇದೆ, ಎತ್ತರ ಇದೆ. ತಿಂಗಳು ಎಲ್ಲಿದೆ ತೋರಿಸಿ.

ಇಲ್ಲಿಗೆ ನಾನು ಬಾಯಿ ಹಾಕಿದೆ. ಹಾಕಬಾರದಿತ್ತೇನೋ, ಚಿಕ್ಕಮ್ಮ ಆಗಲೇ ನನಗೆ ಬೇರೆಯಾಗಿ ಎರಡು ವಾಯ್ಸ್ ಮೆಸೇಜ್ ಕಳಿಸಿದ್ದರು.

ನಾನು: ಚಿಕ್ಕಪ್ಪ, ಜೋಗಿಮಟ್ಟಿ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಇಲ್ಲಿ ನೀವು ಬೆಳಗಿನ ತಂಪಿನಲ್ಲಿ ಹತ್ತುತ್ತೀರಿ. ಮೊಣಕಾಲು ಬೇಡ ಅಂದ ಜಾಗದಲ್ಲಿ ತಿರುಗಿಕೊಂಡರೆ ಆಯಿತು, ಉಳಿದದ್ದೆಲ್ಲ ಇಳಿಜಾರು. ಅಲ್ಲಿ ತಂಪಿನಲ್ಲಿ ಇಳಿಯುತ್ತೀರಿ. ಕಾಲಿಗೆ ಕಷ್ಟವೇ ಗೊತ್ತಾಗುವುದಿಲ್ಲ, ಇನ್ನೊಂದು ತಿರುವು, ಮತ್ತೊಂದು ತಿರುವು ಅಂತ ಹೋಗಿಬಿಡುತ್ತೀರಿ. ನದಿಗೆ ಇಳಿಯುವ ಬ್ರೈಟ್ ಏಂಜೆಲ್ ದಾರಿ ಶುರುವಾಗುವುದು ಸುಮಾರು 2,090 ಮೀಟರ್ ಎತ್ತರದಲ್ಲಿ, ನದಿ ಇರುವುದು 750ರ ಆಸುಪಾಸಿನಲ್ಲಿ. ಮೇಲೆ ಹಿತವಾದ 27 ಡಿಗ್ರಿ ಇದ್ದರೆ ಕೆಳಗೆ ನೆರಳಿನಲ್ಲೇ 40 ದಾಟಿರುತ್ತದೆ. ಸುಸ್ತಾಯಿತು ಅಂತ ನಿಮಗೆ ಗೊತ್ತಾಗುವುದು ಅಲ್ಲಿ. ಆಗ 1,300 ಮೀಟರ್‌ಗೂ ಜಾಸ್ತಿ ಏರು ಬಾಕಿ, ಹೊತ್ತು ನೆತ್ತಿಗೆ ಬಂದಿರುತ್ತದೆ. ಹತ್ತಲು ಇಳಿದದ್ದರ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ ಅಂತ ಪಾರ್ಕಿನವರೇ ಹೇಳುತ್ತಾರೆ. ಬೇಸಿಗೆಯಲ್ಲಿ 10ರಿಂದ 4 ಗಂಟೆವರೆಗೆ ಒಳಗೆ ನಡೆಯಲೇಬೇಡಿ ಅಂತಲೂ. ನೀವೇ ಕೂಡಿಸಿ ನೋಡಿ, ಆ ಹೊತ್ತು ತಪ್ಪಿಸಿ ನದಿ ಮುಟ್ಟಿ ಬರಲು ಹೇಗೆ ಆಗುತ್ತದೆ?

ಚಿಕ್ಕಪ್ಪ: ನಾಲ್ಕು ಲೀಟರ್ ನೀರು ಹೊರುತ್ತೇನೆ.

ಪುಟ್ಟಿ: ಸಣ್ಣ ಮಾವ, ಬರೀ ನೀರು ಸಾಲದು. ಅಲ್ಲಿಯ ಒಣ ಗಾಳಿಗೆ ಬೆವರು ಅಂಗಿಗೆ ಅಂಟುವ ಮೊದಲೇ ಆರುತ್ತದೆ. ಬೆವರುತ್ತಿದ್ದೇನೆ ಅಂತಲೇ ಗೊತ್ತಾಗಲ್ಲ. ಉಪ್ಪು ಹೋಗುತ್ತಲೇ ಇರುತ್ತದೆ. ಏನೂ ತಿನ್ನದೆ ಗಂಟೆಗಟ್ಟಲೆ ನೀರು ಮಾತ್ರ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಂತಿ, ಮಾತು ತಡವರಿಸುವುದು. ನೋಡುವವರು ಬಿಸಿಲು ಬಡಿದಿದೆ ಅಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಇನ್ನೂ ಕೆಡುತ್ತದೆ. ಆ ಕ್ಯಾನಿಯನ್‌ನಲ್ಲಿ ಇದು ಚೆನ್ನಾಗಿ ಗೊತ್ತಿರುವ ತೊಂದರೆ. ಉಪ್ಪಿನ ತಿಂಡಿ ತಿನ್ನುತ್ತಾ ನಡೆಯಬೇಕು.

ದಾವಣಗೆರೆ ಮಾವ: ಅಷ್ಟೇ ತಾನೇ? ಖಾರ ಮಂಡಕ್ಕಿ ಕಟ್ಟಿಕೊಡುತ್ತೇನೆ.

ಚಿಕ್ಕಮ್ಮ: ಪುಟ್ಟಿ, ಇವರ ಬಿಪಿಗೆ ಒಂದು ಮಾತ್ರೆ ಇದೆ. ಅದನ್ನು ತಗೊಂಡ ಮೇಲೆ ಪದೇ ಪದೇ ಬಚ್ಚಲಿಗೆ ಓಡುತ್ತಾರೆ. ಅದು ಪರವಾಗಿಲ್ವಾ?

ಪುಟ್ಟಿ: ನೀರಿಳಿಸುವ ಮಾತ್ರೆ ಇರಬೇಕು ಅತ್ತೆ. ಅದು ಉಪ್ಪನ್ನೂ ಹೊರಗೆ ಹಾಕುತ್ತದೆ. ಅದರ ಮೇಲೆ ಈ ಬಿಸಿಲು ಬೇಡವೇ ಬೇಡ. ಹಾಗಂತ ನೀವೇ ನಿಲ್ಲಿಸಿಬಿಡಬೇಡಿ, ಡಾಕ್ಟರನ್ನು ಕೇಳಿ. ಚೀಟಿಯ ಫೋಟೋ ನನಗೂ ಕಳಿಸಿ.

ಚಿಕ್ಕಪ್ಪ: ಮನೆ ವಿಷಯವನ್ನೆಲ್ಲ ಗುಂಪಿಗೆ ಹಾಕಬೇಕಾ?

ಅತ್ತೆ: ಹಾಕಿದ್ದು ಒಳ್ಳೆಯದೇ ಆಯಿತು ತಮ್ಮ.

ಚಿಕ್ಕಪ್ಪ ಅರ್ಧ ಗಂಟೆ ಆನ್‌ಲೈನ್ ಇದ್ದರೂ ಮಾತಿಲ್ಲ. ಮಾವ ಸುಮ್ಮನಿರಬೇಕಲ್ಲ, ಪಟ್ಟಿಯ ಕೆಳಗೆ ಹೋದರು.

ದಾವಣಗೆರೆ ಮಾವ: ಬಿಸಿಲೇ ತೊಂದರೆ ಅಂದರೆ ಜಯಾನ್ ಪಾರ್ಕಿನ ನ್ಯಾರೋಸ್ ಇದೆ ನೋಡಿ. ನದಿಯೊಳಗೇ ನಡೆಯುವುದು. ಎರಡೂ ಕಡೆ ಗೋಡೆ, ನೆರಳು.

ಅಣ್ಣ: ಅಪ್ಪ ಜುಲೈ, ಆಗಸ್ಟ್ ಪೂರ್ತಿ ಇಲ್ಲೇ ಇರುತ್ತಾರೆ. ಅದೇ ಇಲ್ಲಿಯ ಮಳೆಗಾಲ, ದಿಢೀರ್ ಪ್ರವಾಹ ಬರುತ್ತದೆ. 1997ರ ಆಗಸ್ಟ್ 12ರಂದು ಆ್ಯಂಟಿಲೋಪ್ ಕ್ಯಾನಿಯನ್‌ನಲ್ಲಿ 11 ಪ್ರವಾಸಿಗರು ಕೊಚ್ಚಿಹೋದರು. ಮಳೆ ಬಿದ್ದದ್ದು ಮೈಲಿಗಟ್ಟಲೆ ಆಚೆ. 2015ರ ಸೆಪ್ಟೆಂಬರ್‌ನಲ್ಲಿ ಜಯಾನ್‌ನಲ್ಲೇ ಕೀಹೋಲ್ ಎಂಬ ಕಿರಿದಾದ ಕೊರಕಲಿನಲ್ಲಿ ಏಳು ಜನ ಹೋದರು.

ದಾವಣಗೆರೆ ಮಾವ: ಆಚೆ ಎಲ್ಲೋ ಬಿದ್ದ ಮಳೆ ಮರುಭೂಮಿಯಲ್ಲಿ ಇಂಗಿ ಹೋಗಲ್ವಾ?

ನಾನು: ಮಾವ, ನಮ್ಮ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿ ಹೊಂಡ ತುಂಬುವುದು ಹೇಗೆ? ಬರೀ ಬಂಡೆ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಜಾರಿ ತಗ್ಗಿಗೆ ಬರುತ್ತದೆ. ಕೋಟೆ ಕಟ್ಟಿದವರು ಅದನ್ನು ನಂಬಿಯೇ ಹೊಂಡ ಮಾಡಿದರು. ಅಲ್ಲಿ ಮೈಲಿಗಟ್ಟಲೆ ಬಂಡೆಯ ನೀರೆಲ್ಲ ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಓಣಿಗೆ ನುಗ್ಗುತ್ತದೆ.

ಚಿಕ್ಕಪ್ಪ: ಮಳೆ ಇಲ್ಲದ ದಿನ ಅದೇ ಜಯಾನ್ ಪಾರ್ಕಿನ ಏಂಜೆಲ್ಸ್ ಲ್ಯಾಂಡಿಂಗ್ ಬಂಡೆ? ಸರಪಳಿ ಹಿಡಿದು ಹತ್ತುವುದು. ಕೋತಿರಾಜನ ಊರಿನವನು ನಾನು.

ಅಣ್ಣ: ಅದಕ್ಕೆ 2022ರಿಂದ ಪರ್ಮಿಟ್ ಬೇಕು. ಲಾಟರಿ ಎತ್ತುತ್ತಾರೆ.

ಚಿಕ್ಕಪ್ಪ: ಬಂಡೆ ಹತ್ತಲು ಲಾಟರಿಯಾ!

ದಾವಣಗೆರೆ ಮಾವ: ಹಾಗಾದರೆ ಪಾಮ್ ಸ್ಪ್ರಿಂಗ್ಸ್‌ನಿಂದ ಸ್ಯಾನ್ ಜಸಿಂಟೊ ಬೆಟ್ಟ. ಇದರಲ್ಲಿ ಹತ್ತುವುದೇ ಮೊದಲು. ತುದಿ 3,302 ಮೀಟರ್. ವಾಪಸ್ ಬರಲು ರೋಪ್‌ವೇ. ಈಗ ಏನು ಹೇಳುತ್ತೀರಿ?

ಈ ಪ್ರಶ್ನೆ ಚೆನ್ನಾಗಿತ್ತು, ಒಪ್ಪಬೇಕು. ನನ್ನ ಇಳಿ-ಏರು ವಾದಕ್ಕೆ ನೇರ ಪೆಟ್ಟು. ಅಣ್ಣ ಉತ್ತರ ಕೊಟ್ಟ.

ಅಣ್ಣ: ಮಾವ, ಆ ರೋಪ್‌ವೇ ಸಿಗುವುದು 2,600 ಮೀಟರ್ ಹತ್ತಿರ. ಅಲ್ಲಿಯವರೆಗೆ ದಾರಿಯಲ್ಲಿ ಒಂದು ಹನಿ ನೀರಿಲ್ಲ. ಅದಕ್ಕೇ ಜನ ರಾತ್ರಿ ಎರಡು ಮೂರು ಗಂಟೆಗೆ ಹೊರಡುತ್ತಾರೆ. ಅರ್ಧದಲ್ಲಿ ಆಗಲ್ಲ ಅನ್ನಿಸಿದರೆ ತಿರುಗಬೇಕು, ಅಲ್ವಾ? ಅಷ್ಟರಲ್ಲಿ ಹೊತ್ತೇರಿ ಕೆಳಗಿನ ಮರುಭೂಮಿ ಕಾದ ಹಂಚಾಗಿರುತ್ತದೆ. ಇಳಿಯುತ್ತಾ ಹೋದಷ್ಟೂ ಸೆಕೆ. ಮೇಲೆ ಹೋಗಲು ಶಕ್ತಿ ಇಲ್ಲ, ಕೆಳಗೆ ಹೋದರೆ ಬಿಸಿಲು. ರಕ್ಷಣೆಗೆ ಹೆಲಿಕಾಪ್ಟರ್ ಬರುವುದು ಇಂಥ ಕಡೆಯೇ.

ಅತ್ತೆ: ಡೆತ್ ವ್ಯಾಲಿ ಅಂತಲೂ ಒಂದಿದೆಯಲ್ಲ ಪಟ್ಟಿಯಲ್ಲಿ. ಹೆಸರು ಕೇಳಿದರೇ ಸಾಕು.

ಅಣ್ಣ: ಅತ್ತೆ, ತಮಾಷೆ ಅಂದರೆ ಜೂನ್‌ನಲ್ಲಿ ಹೋಗಬಹುದಾದದ್ದು ಅದೊಂದೇ. ಕೆಳಗೆ ಫರ್ನೇಸ್ ಕ್ರೀಕ್‌ನಲ್ಲಿ 1913ರಲ್ಲಿ 56.7 ಡಿಗ್ರಿ ದಾಖಲಾಗಿದೆ, ಅಲ್ಲಿ ನಡೆಯುವ ಮಾತೇ ಇಲ್ಲ. ಆದರೆ ಪಟ್ಟಿಯಲ್ಲಿರುವುದು ಟೆಲಿಸ್ಕೋಪ್ ಪೀಕ್. ಚಾರಣ ಶುರುವಾಗುವುದೇ 2,400 ಮೀಟರ್ ಮೇಲೆ. ತುದಿ 3,366. ಗಾಳಿ ತಂಪು. ಕೆಳಗೆ ಸಮುದ್ರಮಟ್ಟಕ್ಕಿಂತ 86 ಮೀಟರ್ ತಗ್ಗಿನ ಬ್ಯಾಡ್‌ವಾಟರ್ ಕಾಣುತ್ತದೆ. ಹೋಗಿ ಬರಲು 22 ಕಿಲೋಮೀಟರ್.

ಪುಟ್ಟಿ: 3,366 ಮೀಟರ್! ಬಿಪಿ ಅಣ್ಣಾ ಬಿಪಿ.

ಚಿಕ್ಕಪ್ಪ: ಸರಿ, ಬಿಡಿ. ಗ್ರ್ಯಾಂಡ್ ಕ್ಯಾನಿಯನ್‌ನಲ್ಲೇ ಮೂರು ಮೈಲಿ ಇಳಿಯುತ್ತೇನೆ. ಅಲ್ಲೊಂದು ತಂಗುದಾಣ ಇದೆ ಅಂತ ಪಟ್ಟಿಯಲ್ಲೇ ಬರೆದಿದೆ.

ಅಣ್ಣ: ಒಂದೂವರೆ ಮೈಲಿಗೂ ಒಂದಿದೆ. ಅಲ್ಲಿಗೇ ಸುಮಾರು 340 ಮೀಟರ್ ಇಳಿದಿರುತ್ತೀರಿ. ನಸುಕಿನಲ್ಲಿ ಹೊರಟು ಹತ್ತು ಗಂಟೆಯೊಳಗೆ ಮೇಲಿರಬೇಕು. ನಲ್ಲಿ ಇದೆ, ಕೆಲವೊಮ್ಮೆ ಬಂದ್ ಇರುತ್ತದೆ, ಮೊದಲೇ ವಿಚಾರಿಸುತ್ತೇನೆ.

ಚಿಕ್ಕಪ್ಪ: ಎರಡೂವರೆ.

ಚಿಕ್ಕಮ್ಮ: ಒಂದೂವರೆ.

ಚಿಕ್ಕಪ್ಪ: ಅಕ್ಟೋಬರ್‌ಗೆ ಟಿಕೆಟ್ ಬದಲಿಸಲು ಎಷ್ಟಾಗುತ್ತದೆ, ಸ್ವಲ್ಪ ಕೇಳಿ ನೋಡು ಮಗನೇ.

ಚಿಕ್ಕಮ್ಮ: ಬನ್ನಿಹಬ್ಬಕ್ಕೆ ಮನೆಯಲ್ಲಿ ಯಾರು ಇರುತ್ತಾರೆ? ಟಿಕೆಟ್ ಮುಟ್ಟಬೇಡ ಕಣೋ.